ತಾರಸಿ ಮೇಲೊಂದು ಅರಳಿ ಸಸಿ

ಹಳೇ ಕಟ್ಟಡ ನೋಡಿ ಹೇಳಿ ಅಂತ ಯಾರಾದರೂ ಕರೆದರೆ ನಾನು ಮೊದಲು ತಾರಸಿಗೆ ಹತ್ತುತ್ತೇನೆ. ಕರೆದವರಿಗೆ ಇದರಿಂದ ಸ್ವಲ್ಪ ನಿರಾಸೆಯಾಗುತ್ತದೆ, ಪಾಪ, ಅವರು ಕಂಬ, ಕಮಾನು, ಬಣ್ಣದ ಗಾಜು ತೋರಿಸಲು ಕಾಯುತ್ತಿರುತ್ತಾರೆ. ನನಗೆ ಬೇಕಿರುವುದು ಮಳೆ ನೀರು ಇಳಿದು ಹೋಗುವ ದಾರಿ. ಪೈಪಿನ ಬಾಯಲ್ಲಿ ಒಣ ಎಲೆ, ಪಾರಿವಾಳದ ಹಿಕ್ಕೆ, ಎಲ್ಲಿಂದಲೋ ಬಂದ ಒಂದು ಹವಾಯಿ ಚಪ್ಪಲಿ ಸಿಕ್ಕಿಕೊಂಡಿದ್ದು, ಪಕ್ಕದ ಗೋಡೆಯ ಸಂದಿಯಲ್ಲಿ ಗೇಣುದ್ದದ ಅರಳಿ ಸಸಿ ಎದ್ದಿದ್ದರೆ, ಕೆಳಗಿಳಿಯುವ ಮೊದಲೇ ನನ್ನ ಅರ್ಧ ವರದಿ ಮುಗಿದಿರುತ್ತದೆ.

ಮೈಸೂರಿನವರಿಗೆ ಇದು ಹೊಸ ವಿಷಯ ಅಲ್ಲ. 1892ರ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ಕು ಜನ ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು, ಅದೂ ದುರಸ್ತಿ ನಡೆಯುತ್ತಿದ್ದಾಗ. 2022ರ ಅಕ್ಟೋಬರ್‌ನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಸರದಿ. ತಿಂಗಳುಗಳನ್ನು ನೋಡಿ, ಎಲ್ಲವೂ ಮಳೆಯ ತಿಂಗಳುಗಳೇ. ಒಂದೊಂದಕ್ಕೂ ಅದರದೇ ಕಾರಣಗಳಿರುತ್ತವೆ, ಒಪ್ಪಿದೆ. ಆದರೆ ಪ್ರತಿ ಸಲ ಕೇಳುವ ಮಾತು ಒಂದೇ: "ವಯಸ್ಸಾಗಿತ್ತು ಬಿಡಿ". ನನಗೆ ಸಿಟ್ಟು ಬರುವುದು ಇಲ್ಲೇ. ಸುಣ್ಣದ ಗಾರೆ ಗೋಡೆಗೆ ನೂರು ವರ್ಷ ಒಂದು ವಯಸ್ಸೇ? ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ್ದೂ ಸುರ್ಕಿ, ಅಂದರೆ ಇಟ್ಟಿಗೆ ಪುಡಿ, ಬೆರೆಸಿದ ಸುಣ್ಣದ ಗಾರೆಯಲ್ಲೇ, 1911ರಲ್ಲಿ ಶುರುವಾದ ಕೆಲಸ ಅದು, ಇವತ್ತಿಗೂ ಅಷ್ಟು ನೀರು ಹೊತ್ತು ನಿಂತಿದೆ ಅಲ್ವಾ?

ಹಳೇ ಕಟ್ಟಡಗಳಲ್ಲಿ ನೀರು ಹೇಗೆ ಕೆಲಸ ಮಾಡುತ್ತದೆ ಅಂತ ಹೇಳುತ್ತೇನೆ. ನಮ್ಮ ಊರುಗಳ ಆ ಕಾಲದ ಬಹಳಷ್ಟು ಕಟ್ಟಡಗಳಿಗೆ ಮದ್ರಾಸ್ ತಾರಸಿ ಇರುತ್ತದೆ. ಮರದ ತೊಲೆಗಳನ್ನು ಸಾಲಾಗಿ ಇಟ್ಟು, ಅವುಗಳ ಮೇಲೆ ತೆಳ್ಳನೆಯ ಸಣ್ಣ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಗಾರೆಯಲ್ಲಿ ಕೂರಿಸಿ, ಮೇಲೆ ಇಟ್ಟಿಗೆ ಚೂರು, ಸುಣ್ಣ ಹರಡಿ ದಿನಗಟ್ಟಲೆ ಮರದ ಕೋಲಿನಿಂದ ಬಡಿದು ಗಟ್ಟಿ ಮಾಡುತ್ತಿದ್ದರು. ಬಲೇ ಒಳ್ಳೇ ತಾರಸಿ. ಬೇಸಿಗೆಯಲ್ಲಿ ಅದರ ಕೆಳಗೆ ಕೂತವರಿಗೆ ಗೊತ್ತು. ಆದರೆ ಅದರ ಜೀವ ಇರುವುದು ತೊಲೆಯ ತುದಿಯಲ್ಲಿ, ಗೋಡೆಯೊಳಗೆ ಹೂತಿರುವ ಆ ಒಂದಡಿಯಲ್ಲಿ. ಪೈಪು ಕಟ್ಟಿಕೊಂಡು ನೀರು ನಿಂತರೆ ಅದು ಗೋಡೆಗೆ ಇಳಿದು ಮೊದಲು ಕೊಳೆಸುವುದು ಅದನ್ನೇ. ಕೋಣೆಯಿಂದ ನೋಡಿದರೆ ತೊಲೆ ಗಟ್ಟಿಮುಟ್ಟಾಗಿ, ಬಣ್ಣ ಬಳಿದುಕೊಂಡು ಚೆನ್ನಾಗೇ ಕಾಣುತ್ತದೆ. ಗೋಡೆ ಸೇರುವ ಜಾಗದಲ್ಲಿ ಸ್ಕ್ರೂಡ್ರೈವರ್ ಚುಚ್ಚಿದರೆ ಟೀಯಲ್ಲಿ ಅದ್ದಿದ ರಸ್ಕಿನೊಳಗೆ ಹೋದ ಹಾಗೆ ಹಿಡಿತನಕ ಹೋಗುತ್ತದೆ. ಒಮ್ಮೆ ಹಾಗೆ ಹೋದಾಗ ಅದರ ಕೆಳಗೇ ಮೇಜು ಹಾಕಿಕೊಂಡಿದ್ದ ಗುಮಾಸ್ತರು ಏನೂ ಮಾತಾಡದೆ ಫೈಲು, ನೀರಿನ ಬಾಟಲಿ ಎತ್ತಿಕೊಂಡು ಆಚೆ ಹೋದರು.

ಇನ್ನು ಸಿಮೆಂಟು. ನೀರಿನಷ್ಟೇ ಹಾಳು ಮಾಡಿದ್ದು ಇದು, ಅದೂ ಒಳ್ಳೇದು ಮಾಡುತ್ತೇವೆ ಅಂತ. ಹಳೇ ಗೋಡೆಗಳದ್ದು ಸುಣ್ಣದ ಗಾರೆ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿಯಲ್ಲಿ ಸುಟ್ಟರೆ ಒಳಗಿನ ಇಂಗಾಲದ ಡೈಆಕ್ಸೈಡ್ ಹೊರಟು ಹೋಗುತ್ತದೆ. ನೀರಿನಲ್ಲಿ ಅರಳಿಸಿ, ಮರಳು, ಸುರ್ಕಿ ಸೇರಿಸಿ, ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಹಾಕಿ ನುಣ್ಣಗೆ ಅರೆದು ಗೋಡೆಗೆ ಹಚ್ಚಿದ ಮೇಲೆ ಅದು ಗಾಳಿಯಿಂದ ಅದೇ ಅನಿಲವನ್ನು ನಿಧಾನಕ್ಕೆ ಎಳೆದುಕೊಂಡು ಮತ್ತೆ ಕಲ್ಲಾಗುತ್ತದೆ. ಆದರೂ ಇಟ್ಟಿಗೆಗಿಂತ ಮೆತ್ತಗೇ ಇರುತ್ತದೆ, ಒಳಗಿನ ತೇವವನ್ನು ಹೊರಕ್ಕೆ ಬಿಡುತ್ತದೆ. ಸಿಮೆಂಟು ಬಿಡುವುದಿಲ್ಲ. ತೇವ ಒಳಗೇ ಉಳಿದು, ಅದರಲ್ಲಿರುವ ಉಪ್ಪು ಹರಳುಗಟ್ಟಿ, ಇಟ್ಟಿಗೆಯ ಮುಖವನ್ನೇ ಒಡೆದು ಉದುರಿಸುತ್ತದೆ. ತಾಲ್ಲೂಕು ಕೇಂದ್ರವೊಂದರ ಹಳೇ ಕಚೇರಿಯಲ್ಲಿ ಗೋಡೆಯ ಬುಡಕ್ಕೆ ಮೂರಡಿ ಎತ್ತರ ಸಿಮೆಂಟ್ ಬಳಿದು ಮೇಲೆ ಟೈಲ್ಸ್ ಹಾಕಿದ್ದರು, ತೇವ ನಿಲ್ಲಲಿ ಅಂತ. ನಾನು ಹೋಗುವಷ್ಟರಲ್ಲಿ ಅದು ಟೈಲ್ಸ್ ದಾಟಿ ಆಳೆತ್ತರಕ್ಕೆ ಏರಿತ್ತು. ಜೊತೆಗೆ ಬಂದಿದ್ದ ವಯಸ್ಸಾದ ಮೇಸ್ತ್ರಿ ಟೈಲ್ಸ್ ಮೇಲೆ ಬೆರಳಲ್ಲಿ ತಟ್ಟಿ, "ಉಸಿರು ಕಟ್ಟಿದೆ ಸಾರ್ ಇದಕ್ಕೆ" ಅಂದರು. ನಾನು ಎರಡು ಪುಟ ಬರೆದಿದ್ದೆ, ಅವರು ಒಂದೇ ಮಾತಲ್ಲಿ ಹೇಳಿ ಬೀಡಿ ಹಚ್ಚಲು ಆಚೆ ಹೋದರು.

ಲ್ಯಾನ್ಸ್‌ಡೌನ್ ವಿಷಯದಲ್ಲೂ ಮಾರುಕಟ್ಟೆ ವಿಷಯದಲ್ಲೂ "ಕೆಡವಿ ಅದೇ ಥರ ಕಟ್ಟೋಣ" ಅನ್ನುವವರಿದ್ದಾರೆ. ಜನರ ಪ್ರಾಣದ ಪ್ರಶ್ನೆ ಬಂದಾಗ ಆ ಮಾತನ್ನು ಸುಮ್ನೆ ತಳ್ಳಿಹಾಕಲು ನನಗೂ ಆಗುವುದಿಲ್ಲ. ಬೀಳುವ ಹಾಗಿರುವ ಗೋಡೆಗೆ ಮೊದಲು ಆಸರೆ ಕೊಡಬೇಕು, ಕೆಳಗಿರುವವರನ್ನು ಎಬ್ಬಿಸಬೇಕು, ಪರಂಪರೆ ಮಾತು ಆಮೇಲೆ. ಆದರೆ ಕಾಂಕ್ರೀಟ್ ಚೌಕಟ್ಟಿಗೆ ಹಳೇ ಮುಖ ಅಂಟಿಸಿದರೆ ನಮ್ಮ ಕೈಯಲ್ಲಿ ಉಳಿಯುವುದು ಮುಖವಾಡ ಮಾತ್ರ. ತೊಲೆಯ ತುದಿ ಕೊಳೆತಿದ್ದರೆ ಅಷ್ಟನ್ನೇ ಕತ್ತರಿಸಿ ಹೊಸ ಮರ ಜೋಡಿಸಬಹುದು, ಇಡೀ ತಾರಸಿ ಕಿತ್ತೆಸೆಯಬೇಕಿಲ್ಲ. ಇದನ್ನು ಮಾಡಬಲ್ಲ ಬಡಗಿಗಳು, ಗಾರೆಯವರು ಇದ್ದಾರೆ. ರಸ್ತೆ, ಚರಂಡಿ ಮಾಡುವವರಿಗೇ ಈ ಕೆಲಸವನ್ನೂ ಟೆಂಡರ್‌ನಲ್ಲಿ ಕೊಟ್ಟರೆ ಆ ಬಡಗಿಗಳು, ಗಾರೆಯವರು ಬರುವುದು ಎಲ್ಲಿಂದ? ಗುತ್ತಿಗೆದಾರ ತನಗೆ ಗೊತ್ತಿರುವ ಸಿಮೆಂಟ್ ಮೂಟೆಯನ್ನೇ ತರುತ್ತಾನೆ.

ಇನ್ನೊಂದು ಕಿರಿಕಿರಿ. ಮೈಸೂರಿನ ದೊಡ್ಡ ಗಡಿಯಾರದ ಕನ್ನಡ ಅಂಕಿಗಳನ್ನು ಎಲ್ಲರೂ ಫೋಟೋ ತೆಗೆಯುತ್ತಾರೆ. ತೆಗೆಯಲೇಬೇಕು, 1927ರಲ್ಲಿ ಅರಮನೆ ನೌಕರರು ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಕಟ್ಟಿಸಿದ 75 ಅಡಿ ಗೋಪುರ ಅದು. ಚಿಕ್ಕ ಗಡಿಯಾರ ಇನ್ನೂ ಹಳೆಯದು, 1886ರದ್ದು. ಇಂಥವಕ್ಕೆ ಹೊರಗಡೆ ಬಣ್ಣ ಹೊಡೆಸಲು ದಸರಾ ಹೊತ್ತಿಗೆ ಹೇಗೋ ದುಡ್ಡು ಹುಟ್ಟುತ್ತದೆ. ಆದರೆ ಮೇ ತಿಂಗಳಲ್ಲಿ ಒಬ್ಬ ಆಳನ್ನು ತಾರಸಿಗೆ ಹತ್ತಿಸಿ ಪೈಪು ಬಿಡಿಸುವ ಖರ್ಚಿಗೆ ಯಾವ ಲೆಕ್ಕದಲ್ಲೂ ಜಾಗ ಇರುವುದಿಲ್ಲ. ಬಾಡಿಗೆಯವರು ಮಾಲೀಕರ ಕೆಲಸ ಅನ್ನುತ್ತಾರೆ, ಮಾಲೀಕರು ಅಂದರೆ ಒಂದು ಇಲಾಖೆ, ಇಲಾಖೆಯಲ್ಲಿ ತಾರಸಿಯ ಬೀಗದ ಕೈ ಯಾರ ಹತ್ತಿರ ಇದೆ ಅಂತಲೇ ಗೊತ್ತಿರುವುದಿಲ್ಲ.

ಅರಳಿ ಸಸಿ ಕಂಡರೆ ಎಳೆದು ಕೀಳಬೇಡಿ. ಬೇರು ಆಗಲೇ ಗಾರೆಯೊಳಗೆ ಓಡಿರುತ್ತದೆ, ಕಿತ್ತರೆ ನಾಲ್ಕು ಇಟ್ಟಿಗೆಯೂ ಜೊತೆಗೆ ಬರುತ್ತವೆ. ಬುಡಕ್ಕೆ ಕೊಯ್ದು, ಕೊಯ್ದ ಜಾಗಕ್ಕೆ ತಕ್ಷಣ ಔಷಧಿ ಹಚ್ಚಿ, ಬೇರು ಸತ್ತ ಮೇಲೆ ಸಂದಿಗೆ ಸುಣ್ಣದ ಗಾರೆಯನ್ನೇ ತುಂಬಬೇಕು. ಕೊಯ್ಯಲು ಆಳು ಸಿಗುವುದೇ ಕಷ್ಟ, ಅಶ್ವತ್ಥ ಮರಕ್ಕೆ ಯಾರು ಕೈ ಹಾಕುತ್ತಾರೆ? ನನ್ನ ಮೇಸ್ತ್ರಿ ಚಪ್ಪಲಿ ಬಿಟ್ಟು, ಗೇಣುದ್ದದ ಸಸಿಗೆ ಕೈ ಮುಗಿದು, ಏನೋ ಗೊಣಗಿಕೊಂಡು, ಆಮೇಲೆ ಗರಗಸ ಎತ್ತಿಕೊಳ್ಳುತ್ತಾರೆ.