ಮಾರಿಜಾತ್ರೆಯನ್ನು ಮದುವೆಯ ಕಥೆಯಾಗಿ ಓದುವುದು

ಪರೀಕ್ಷೆಗೆಂದು ಮಲೆನಾಡಿನ ಮಾರಿಜಾತ್ರೆಯನ್ನು ಓದುವಾಗ ಅಂಗಡಿ ಸಾಲು, ತೊಟ್ಟಿಲು, ನಾಟಕದ ಟೆಂಟು ಎಲ್ಲವನ್ನೂ ಸ್ವಲ್ಪ ಪಕ್ಕಕ್ಕಿಡಿ. ಬರೀ ಶಾಸ್ತ್ರಗಳನ್ನು ಒಂದರ ಹಿಂದೆ ಒಂದು ಜೋಡಿಸಿ ನೋಡಿ. ಒಬ್ಬ ಹೆಣ್ಣುಮಗಳ ಮದುವೆ, ಮತ್ತು ಆ ಮದುವೆ ಮುರಿದುಬಿದ್ದ ಕಥೆ ಕಾಣುತ್ತದೆ.

ಜನ ಹೇಳುವ ಕಥೆ ಇದು. ಕೆಳಜಾತಿಯೆಂದು ಊರು ದೂರವಿಟ್ಟಿದ್ದ ಹುಡುಗನೊಬ್ಬ ಜಾತಿ ಮುಚ್ಚಿಟ್ಟು ಬ್ರಾಹ್ಮಣರ ಹುಡುಗಿಯನ್ನು ಮದುವೆಯಾಗುತ್ತಾನೆ. ನಿಜ ಗೊತ್ತಾದಾಗ ಅವಳು ಉಗ್ರಳಾಗಿ ಮಾರಿಯಾಗುತ್ತಾಳೆ, ಮನೆಗೆ ಬೆಂಕಿ ಇಡುತ್ತಾಳೆ. ಓಡಿಹೋದ ಗಂಡ ಕೋಣನ ಮೈ ಹೊಕ್ಕರೂ ಬಿಡದೆ ಕೊಲ್ಲುತ್ತಾಳೆ. ಈ ಕಥೆಯನ್ನು ಯಾರ ಬಾಯಲ್ಲಿ ಕೇಳುತ್ತೇವೆ ಅನ್ನೋದು ಬಹಳ ಮುಖ್ಯ. ತಪ್ಪೆಲ್ಲ ಹುಡುಗನದೇ ಎಂದು ಹೇಳುವ ಕಥೆಯಲ್ಲಿ ಮೇಲುಕೀಳಿನ ಗಾಯವೂ ಇದೆ. ಅದನ್ನು ಬಿಟ್ಟು ಸುಮ್ನೆ ಭಕ್ತಿಯ ಕಥೆ ಎಂದು ಬರೆದರೆ ಅರ್ಧ ಉತ್ತರವಷ್ಟೇ.

ಈಗ ಜಾತ್ರೆಗೆ ಬನ್ನಿ. ಶಿವಮೊಗ್ಗದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಕೋಟೆ ಮಾರಿಕಾಂಬೆಯ ಜಾತ್ರೆ ಐದು ದಿನದ್ದು. ಮಂಗಳವಾರ ಅಮ್ಮ ಗಾಂಧಿ ಬಜಾರಿನ ತವರುಮನೆಯಲ್ಲಿ ಕೂರುತ್ತಾಳೆ. ಬೆಳಗಿನಿಂದಲೇ ಹೆಂಗಸರ ಸಾಲು. ಒಬ್ಬೊಬ್ಬರ ತಟ್ಟೆಯಲ್ಲೂ ಅಕ್ಕಿ, ತೆಂಗಿನಕಾಯಿ, ರವಿಕೆ ಕಣ, ಹಸಿರು ಬಳೆ, ಅರಿಶಿನ ಕುಂಕುಮ, ಎಲೆ ಅಡಿಕೆ. ಗಂಡನ ಮನೆಗೆ ಹೊರಟ ಮಗಳಿಗೆ ಮಡಿಲು ತುಂಬುವುದು ಹೀಗೇ ಅಲ್ವಾ? ಆ ರಾತ್ರಿ ಮೆರವಣಿಗೆಯಲ್ಲಿ ಕೋಟೆಯ ಗದ್ದುಗೆಗೆ ಹೊರಟರೆ ಉಳಿದ ದಿನಗಳ ಪೂಜೆಯೆಲ್ಲ ಅಲ್ಲೇ. ಕೊನೆಗೆ ಶನಿವಾರ ವನಪ್ರವೇಶ. ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ, ಒಂಬತ್ತು ದಿನ. ಅಲ್ಲೂ ತವರುಮನೆ, ಗಂಡನ ಮನೆ ಎಂದು ಎರಡು ಗುಡಿಗಳಿವೆ.

ಕಥೆಯ ಕೊನೆ ಚೆನ್ನಾಗಿ ಕಾಣಬೇಕಾದರೆ ಉತ್ತರ ಕನ್ನಡದ ಶಿರಸಿಯನ್ನು ನೋಡಬೇಕು. ಅಲ್ಲಿ ಜಾತ್ರೆಗೆ ಮೊದಲೇ ಹೊರಬೀಡು, ಅಂಕೆ ಹಾಕುವುದು ಎಂಬ ಪೂರ್ವಸಿದ್ಧತೆಯ ಶಾಸ್ತ್ರಗಳು ನಡೆಯುತ್ತವೆ. ಮಂಗಳವಾರ ರಾತ್ರಿ ಕಲ್ಯಾಣ, ಮರುದಿನ ರಥದಲ್ಲಿ ಬಿಡಕಿಬೈಲಿನ ಗದ್ದುಗೆಗೆ. ಕೊನೆಯ ದಿನ ಅಮ್ಮ ಗದ್ದುಗೆ ಬಿಟ್ಟು ಹೊರಟ ಮೇಲೆ ಮಾತಂಗಿ ಚಪ್ಪರಕ್ಕೆ ಬೆಂಕಿ. ಕಥೆಯಲ್ಲಿ ಉರಿದ ಮನೆ ಇಲ್ಲಿ ಕಣ್ಣೆದುರೇ ಉರಿಯುತ್ತದೆ. ಆಮೇಲೆ ಅಮ್ಮನಿಗೆ ಗಂಡ ಸತ್ತ ಸೂತಕದ ದಿನಗಳು. ಯುಗಾದಿಗೆ ಮತ್ತೆ ಪ್ರತಿಷ್ಠೆಯಾಗುವವರೆಗೆ ದೇವಸ್ಥಾನದಲ್ಲಿ ದರ್ಶನವಿಲ್ಲ.

ಕೋಣದ ವಿಷಯ ಪರೀಕ್ಷೆಯಲ್ಲಿ ಜಾಸ್ತಿ ಕೇಳುತ್ತಾರೆ. ಶಿರಸಿಯಲ್ಲಿ ಕೋಣ ಬಲಿ ನಿಂತದ್ದು 1930ರ ದಶಕದಲ್ಲಿ, 1934ರಲ್ಲಿ ಗಾಂಧೀಜಿ ಅಲ್ಲಿಗೆ ಬಂದ ಕಾಲದಲ್ಲಿ. ಈಗಿರುವುದು ಕೋಣನನ್ನು ಕೊಲ್ಲದ ಸಾತ್ವಿಕ ಬಲಿ. ಗಮನಿಸಿ, ಬಲಿ ನಿಂತರೂ ಕಥೆಯಿಂದ ಕೋಣ ಹೋಗಿಲ್ಲ.

ಇನ್ನೊಂದು ಮಾತು. ಒಂದೊಂದು ಕೆಲಸಕ್ಕೂ ಒಂದೊಂದು ಮನೆತನ, ಒಂದೊಂದು ಸಮುದಾಯ ಇದೆ. ಶಿರಸಿಯಲ್ಲಿ ಇವರನ್ನು ಬಾಬುದಾರರು ಎನ್ನುತ್ತಾರೆ. ಮುಂದಿನ ಜಾತ್ರೆಗೆ ಹೋದಾಗ ದರ್ಶನದ ಸಾಲಿನಲ್ಲಷ್ಟೇ ನಿಲ್ಲಬೇಡಿ. ಮೊದಲ ಪೂಜೆ ಯಾರದು, ಹಾಡುವವರು ಯಾರು, ಬೆಂಕಿ ಇಡುವವರು ಯಾರು ಎಂದು ಅಲ್ಲಿನ ಹಿರಿಯರನ್ನೇ ಕೇಳಿ ಬರೆದುಕೊಳ್ಳಿ.