ಮೊಂತೆರಿಜ್ಜೋನಿ: ಗಡಿ ಅಳಿಸಿಹೋದ ಮೇಲೂ ನಿಂತ ಗೋಡೆ

ಇಟಲಿಯ ಸಿಯೆನಾದಿಂದ ಫ್ಲಾರೆನ್ಸ್ ಕಡೆಗೆ ಹೊರಟರೆ ಸುಮಾರು 15 ಕಿ.ಮೀ. ಆಗುವಷ್ಟರಲ್ಲಿ ಹೆದ್ದಾರಿಯ ಪಕ್ಕದಲ್ಲೇ ಒಂದು ಗುಡ್ಡ ಬರುತ್ತದೆ. ಅಂಥ ಎತ್ತರವೇನಲ್ಲ. ಆದರೆ ಅದರ ನೆತ್ತಿಯ ಮೇಲೆ ಯಾರೋ ಕಲ್ಲಿನ ಸಿಂಬಿ ಇಟ್ಟ ಹಾಗೆ ದುಂಡನೆಯ ಕೋಟೆಗೋಡೆ, ಗೋಡೆಯುದ್ದಕ್ಕೂ ಚೌಕ ಬುರುಜುಗಳು. ಅದೇ ಮೊಂತೆರಿಜ್ಜೋನಿ.

ಊರು ಅಂದರೆ ಎಷ್ಟು ಊರು? ಗೋಡೆಯ ಸುತ್ತಳತೆ 570 ಮೀಟರ್. ನಿಧಾನಕ್ಕೆ ನಡೆದರೂ ಹತ್ತು ನಿಮಿಷದಲ್ಲಿ ಒಂದು ಸುತ್ತು ಮುಗಿಯುತ್ತದೆ. 14 ಬುರುಜು, ಎರಡು ಬಾಗಿಲು, ಒಂದು ಚೌಕ, ಒಂದು ಚರ್ಚು, ಒಂದು ಬಾವಿ, ಒಂದಿಷ್ಟು ಮನೆ. ಆಡಳಿತದ ಲೆಕ್ಕದಲ್ಲಿ ಸುತ್ತಲಿನ ಹಳ್ಳಿಗಳನ್ನೆಲ್ಲ ಸೇರಿಸಿ ಹತ್ತು ಸಾವಿರದಷ್ಟು ಜನ ಇದ್ದಾರೆ. ಗೋಡೆಯೊಳಗೆ ಮನೆ ಮಾಡಿಕೊಂಡಿರುವವರು ಹತ್ತಾರು ಮಂದಿ ಮಾತ್ರ.

ಇದನ್ನು ನೋಡಿದವರೆಲ್ಲ ಹೇಳುವ ಮಾತು ಒಂದೇ: ಎಷ್ಟು ಚೆನ್ನಾಗಿ ಕಾಪಾಡಿಕೊಂಡಿದ್ದಾರೆ! ನನಗೆ ಆ ಮಾತಿನ ಬಗ್ಗೆ ಸ್ವಲ್ಪ ತಕರಾರಿದೆ. ಎಂಟು ನೂರು ವರ್ಷಗಳಲ್ಲಿ ಬಹುಪಾಲು ಕಾಲ ಇದನ್ನು ಯಾರೂ ಕಾಪಾಡಲಿಲ್ಲ, ಸುಮ್ನೆ ಮರೆತುಬಿಟ್ಟರು. ಮರೆತದ್ದರಿಂದಲೇ ಇದು ಉಳಿಯಿತು. ಅದು ಹೇಗೆ ಅಂತ ತಿಳಿಯಬೇಕಾದರೆ ಇದನ್ನು ಯಾಕೆ ಕಟ್ಟಿದರು ಅನ್ನುವಲ್ಲಿಂದ ಶುರು ಮಾಡಬೇಕು.

ಆಗ ಇಟಲಿ ಅನ್ನುವ ದೇಶ ಇರಲಿಲ್ಲ. ಸಿಯೆನಾ, ಫ್ಲಾರೆನ್ಸ್ ಇರುವ ಟಸ್ಕನಿ ಸೀಮೆಯಲ್ಲಿ ಒಂದೊಂದು ಪಟ್ಟಣವೂ ಒಂದೊಂದು ರಾಜ್ಯ. ಸಿಯೆನಾ ಮತ್ತು ಫ್ಲಾರೆನ್ಸ್ ಎರಡೂ ದುಡ್ಡಿನ ಊರುಗಳು. ಎರಡೂ ಕಡೆ ಬ್ಯಾಂಕು, ವ್ಯಾಪಾರ, ಸೊಕ್ಕು. ಉತ್ತರ ಯುರೋಪಿನಿಂದ ರೋಮಿಗೆ ಹೋಗುವ ದೊಡ್ಡ ದಾರಿ ಸಿಯೆನಾ ಮೂಲಕವೇ ಹಾದುಹೋಗುತ್ತಿತ್ತು. ಯಾತ್ರಿಕರು, ವ್ಯಾಪಾರಿಗಳು, ಸೈನಿಕರು ಎಲ್ಲರೂ ಅದೇ ದಾರಿ ಹಿಡಿಯಬೇಕು. ದಾರಿ ಯಾರ ಕೈಲಿದೆಯೋ ಸುಂಕವೂ ಅವರ ಕೈಗೆ. ನಡುವಿನ ಬೆಟ್ಟಸೀಮೆ ಯಾರದ್ದು ಅನ್ನುವ ಜಗಳ ಹುಟ್ಟದೆ ಇನ್ನೇನು?

1203ರಲ್ಲಿ ಹತ್ತಿರದ ಪೊಜ್ಜಿಬೋನ್ಸಿಯಲ್ಲಿ ಪಂಚಾಯ್ತಿ ನಡೆದು ಎರಡೂ ಊರುಗಳ ನಡುವೆ ಗಡಿ ಎಳೆದರು. ತೀರ್ಮಾನ ಫ್ಲಾರೆನ್ಸಿಗೇ ಲಾಭವಾಯಿತು, ಕಿಯಾಂತಿ ಸೀಮೆಯ ಬಹುಭಾಗ ಅದಕ್ಕೆ ಸೇರಿತು. ಈ ಗಡಿಯ ಬಗ್ಗೆ ಅಲ್ಲಿ ಒಂದು ಕಥೆ ಇದೆ, ದಾಖಲೆ ಅಲ್ಲ, ಬರೀ ಕಥೆ. ಬೆಳಗ್ಗೆ ಕೋಳಿ ಕೂಗಿದ ಕೂಡಲೇ ಎರಡೂ ಊರಿನಿಂದ ಒಬ್ಬೊಬ್ಬ ಕುದುರೆ ಸವಾರ ಹೊರಡಬೇಕು, ಎಲ್ಲಿ ಎದುರಾಗುತ್ತಾರೋ ಅಲ್ಲೇ ಗಡಿ ಅಂತ ಒಪ್ಪಂದವಾಯಿತಂತೆ. ಸಿಯೆನಾದವರು ಬಿಳಿ ಹುಂಜಕ್ಕೆ ಹೊಟ್ಟೆ ತುಂಬ ತಿನ್ನಿಸಿ ಮಲಗಿಸಿದರು. ಫ್ಲಾರೆನ್ಸಿನವರು ಕರಿ ಹುಂಜವನ್ನು ಉಪವಾಸ ಕೆಡವಿದರು. ಹಸಿದ ಹುಂಜ ಬೆಳಕು ಹರಿಯುವ ಮುಂಚೆಯೇ ಕೂಗಿತು. ಅವರ ಸವಾರ ಸಿಯೆನಾದ ಬಾಗಿಲಿಗೆ ಹತ್ತಿರ ಹತ್ತಿರ ಬಂದುಬಿಟ್ಟಿದ್ದ. ಇವತ್ತು ಕಿಯಾಂತಿ ಕ್ಲಾಸಿಕೋ ವೈನಿನ ಬಾಟಲಿ ಮೇಲೆ ಕಾಣುವ ಕರಿ ಹುಂಜಕ್ಕೆ ಜನ ಇದೇ ಕಥೆ ಹೇಳುತ್ತಾರೆ.

ಹುಂಜದ ಕಥೆ ಸುಳ್ಳಿರಬಹುದು, ಸಿಯೆನಾದ ಉರಿ ನಿಜ. ಗಡಿ ಬಾಗಿಲಿಗೇ ಬಂದ ಮೇಲೆ ಬಾಗಿಲಲ್ಲೊಬ್ಬ ಕಾವಲುಗಾರ ಬೇಕಲ್ಲ. ಹತ್ತು ವರ್ಷ ಕಳೆಯುವಷ್ಟರಲ್ಲಿ, 1213ರ ಸುಮಾರಿಗೆ, ಸಿಯೆನಾ ಈ ಗುಡ್ಡದ ಮೇಲೆ ಕೋಟೆ ಕಟ್ಟಲು ಶುರು ಮಾಡಿತು. 1219ಕ್ಕೆ ಮುಗಿಯಿತು. ಅಂದರೆ ಇದು ತಾನಾಗಿ ಬೆಳೆದ ಹಳ್ಳಿಯಲ್ಲ. ಮೊದಲು ನಾಲ್ಕು ಮನೆ, ಆಮೇಲೆ ಗುಡಿ, ಆಮೇಲೆ ಸಂತೆ ಅಂತ ಊರು ಬೆಳೆಯುತ್ತದಲ್ಲ, ಇಲ್ಲಿ ಹಾಗಾಗಲಿಲ್ಲ. ಮೊದಲು ಗೋಡೆ ಬಂತು. ಊರು ಅದರೊಳಗೆ ಆಮೇಲೆ ಸೇರಿಕೊಂಡಿತು.

ಕಟ್ಟಿದ ರೀತಿಯಲ್ಲಿ ಜಾಣತನ ಇದೆ. ಗುಡ್ಡದ ನೆತ್ತಿ ಹೇಗಿದೆಯೋ ಗೋಡೆಯೂ ಹಾಗೇ ಸುತ್ತುತ್ತದೆ, ಆದ್ದರಿಂದ ದುಂಡು. ದಪ್ಪ ಸುಮಾರು ಎರಡು ಮೀಟರ್. ಬುರುಜುಗಳನ್ನು ಹೆಚ್ಚುಕಡಿಮೆ ಸಮ ಅಂತರದಲ್ಲಿ ನಿಲ್ಲಿಸಿದ್ದಾರೆ. ಒಂದರ ಬುಡಕ್ಕೆ ಯಾರಾದರೂ ಬಂದರೆ ಪಕ್ಕದ್ದರಿಂದ ಬಾಣ ಬಿಡಬಹುದು. ಗೋಡೆಯ ಹೊರಗೆ ಅಗೆದ ಕಂದಕಗಳಲ್ಲಿ ನೀರಿನ ಬದಲು ಇದ್ದಿಲು ತುಂಬಿಡುತ್ತಿದ್ದರು. ಗುಡ್ಡದ ಮೇಲೆ ನೀರು ಎಲ್ಲಿಂದ ತರೋದು? ಶತ್ರು ಹತ್ತಿರ ಬಂದಾಗ ಇದ್ದಿಲಿಗೆ ಬೆಂಕಿ ಹಚ್ಚುವುದು. ಎರಡು ಬಾಗಿಲುಗಳಲ್ಲಿ ಒಂದು ಫ್ಲಾರೆನ್ಸ್ ಕಡೆಗೆ, ಇನ್ನೊಂದು ಸಿಯೆನಾ ಮತ್ತು ರೋಮಿನ ಕಡೆಗೆ. ಅವುಗಳ ಹೆಸರೂ ಹಾಗೇ, ಫ್ಲಾರೆನ್ಸ್ ಬಾಗಿಲು, ರೋಮ್ ಬಾಗಿಲು. ವೈರಿಯ ಹೆಸರನ್ನೇ ಬಾಗಿಲಿಗೆ ಇಟ್ಟುಕೊಂಡಿರುವುದು ನನಗೆ ಮಜಾ ಅನಿಸುತ್ತದೆ. ಇನ್ನು ಒಳಗಡೆ, ಮನೆಗಳ ಹಿಂದೆ ಗೋಡೆಗೆ ತಾಗಿದ ಹಾಗೆ ಹಿತ್ತಲುಗಳು. ಮುತ್ತಿಗೆ ಬಿದ್ದು ಬಾಗಿಲು ಮುಚ್ಚಿದರೆ ತಿಂಗಳುಗಟ್ಟಲೆ ಸೊಪ್ಪು ತರಕಾರಿ ಅಲ್ಲೇ ಬೆಳೆಯಬೇಕಿತ್ತು. ಆ ಹಿತ್ತಲುಗಳು ಇವತ್ತಿಗೂ ಇವೆ.

ಕಾವಲುಗಾರನಿಗೆ ಕೆಲಸ ಬೇಗ ಬಂತು. 1260ರಲ್ಲಿ ಮೊಂತಾಪೆರ್ತಿ ಎಂಬಲ್ಲಿ ಸಿಯೆನಾ ಫ್ಲಾರೆನ್ಸನ್ನು ಹೀನಾಯವಾಗಿ ಸೋಲಿಸಿತು. ಸಿಯೆನಾದವರು ಆ ಗೆಲುವನ್ನು ಈಗಲೂ ಮರೆತಿಲ್ಲ. ಒಂಬತ್ತೇ ವರ್ಷದಲ್ಲಿ ಲೆಕ್ಕ ಚುಕ್ತಾ ಆಯಿತು. 1269ರಲ್ಲಿ ಮೊಂತೆರಿಜ್ಜೋನಿಗೆ ಹತ್ತಿರದ ಕೊಲ್ಲೆ ವಾಲ್ ದೆಲ್ಸಾದಲ್ಲಿ ಫ್ಲಾರೆನ್ಸ್ ಗೆದ್ದಿತು. ಸಿಯೆನಾದ ನಾಯಕ ಪ್ರೊವೆಂಜಾನೋ ಸಾಲ್ವಾನಿಯನ್ನು ಹಿಡಿದು ತಲೆ ಕಡಿದರು.

ಈ ಯುದ್ಧಕ್ಕೆ ಒಬ್ಬ ಪ್ರೇಕ್ಷಕಿ ಇದ್ದಳು. ಹೆಸರು ಸಾಪಿಯಾ, ಸಿಯೆನಾದ ಹೆಂಗಸು, ಪ್ರೊವೆಂಜಾನೋನ ಸೋದರತ್ತೆ. ಮೊಂತೆರಿಜ್ಜೋನಿ ಹತ್ತಿರದ ಒಂದು ಕೋಟೆಮನೆಯಲ್ಲಿ ಇದ್ದವಳು ಅಂತಾರೆ. ಸ್ವಂತ ಊರಿನವರೇ ಸೋಲಲಿ ಅಂತ ಅವಳು ದೇವರಿಗೆ ಹರಕೆ ಹೊತ್ತಳಂತೆ. ಸೋತು ಓಡುವುದನ್ನು ಕಣ್ಣಾರೆ ನೋಡಿ ಎಷ್ಟು ಹಿಗ್ಗಿದಳೆಂದರೆ, ಮುಖ ಮೇಲೆತ್ತಿ ‘ದೇವರೇ, ಇನ್ನು ನಿನಗೂ ನಾನು ಹೆದರಲ್ಲ’ ಅಂದಳಂತೆ. ಇದನ್ನೆಲ್ಲ ನಮಗೆ ಹೇಳುವವನು ಕವಿ ದಾಂತೆ, ಪರಲೋಕದ ಪಯಣ ಹೇಳುವ ತನ್ನ ಕಾವ್ಯ ‘ಡಿವೈನ್ ಕಾಮಿಡಿ’ಯಲ್ಲಿ. ಅಲ್ಲಿ ಹೊಟ್ಟೆಕಿಚ್ಚಿನವರ ಕಣ್ಣುರೆಪ್ಪೆಗಳನ್ನು ತಂತಿಯಿಂದ ಹೊಲಿದು ಕೂರಿಸಿರುತ್ತಾರೆ. ಅವರ ಸಾಲಿನಲ್ಲಿ ಸಾಪಿಯಾ ಸಿಗುತ್ತಾಳೆ. ಬಂಧುವಿನ ಸೋಲನ್ನು ನೋಡಿ ಖುಷಿಪಟ್ಟ ಕಣ್ಣಿಗೆ ಇಂಥ ಶಿಕ್ಷೆ. ಹೆಂಗಸಿಗೆ ಅಷ್ಟು ಸಿಟ್ಟು ಯಾಕೆ ಬಂತು ಅಂತ ಮಾತ್ರ ಕವಿ ಕೇಳುವುದಿಲ್ಲ.

ದಾಂತೆಯ ಹೆಸರು ಬಂದ ಮೇಲೆ ಮೊಂತೆರಿಜ್ಜೋನಿಯ ಅದೃಷ್ಟದ ಮಾತಿಗೆ ಬರಬೇಕು. ಅದೇ ಕಾವ್ಯದ ನರಕದ ಭಾಗ, 31ನೇ ಸರ್ಗ. ಕವಿ ಮಬ್ಬುಗತ್ತಲಲ್ಲಿ ನಡೆಯುತ್ತಿದ್ದಾನೆ. ದೂರದಲ್ಲಿ ಎತ್ತರೆತ್ತರದ ಬುರುಜುಗಳು ಕಂಡ ಹಾಗಾಗಿ, ಇದ್ಯಾವ ಊರು ಅಂತ ಕೇಳುತ್ತಾನೆ. ಬುರುಜಲ್ಲ, ಅವರು ದೈತ್ಯರು, ಹೊಕ್ಕುಳಿನವರೆಗೆ ಹಳ್ಳದಲ್ಲಿ ಹೂತುಹೋಗಿದ್ದಾರೆ ಅಂತ ದಾರಿ ತೋರಿಸುತ್ತ ಜೊತೆಗಿದ್ದ ಪ್ರಾಚೀನ ರೋಮಿನ ಕವಿ ವರ್ಜಿಲ್ ಹೇಳುತ್ತಾನೆ. ಆಗ ಬರುತ್ತದೆ ಆ ಹೋಲಿಕೆ: ದುಂಡು ಗೋಡೆಯ ಮೇಲೆ ಮೊಂತೆರಿಜ್ಜೋನಿ ಬುರುಜುಗಳ ಕಿರೀಟ ತೊಟ್ಟ ಹಾಗೆ ಆ ಗುಂಡಿಯ ಅಂಚಿನಲ್ಲಿ ದೈತ್ಯರು ನಿಂತಿದ್ದರು. ನಮಗೆ ಸಿಂಬಿ ಕಂಡದ್ದು ಅವನಿಗೆ ಕಿರೀಟವಾಗಿ ಕಂಡಿದೆ.

ದಾಂತೆ ಫ್ಲಾರೆನ್ಸಿನವನು. ಅಂದರೆ ಈ ಕೋಟೆ ಎದ್ದು ನಿಂತದ್ದೇ ಅವನ ಊರಿನವರನ್ನು ಹೆದರಿಸಲು. ಹೋಲಿಕೆಯಲ್ಲಿ ಆ ಹೆದರಿಕೆ ಹಾಗೇ ಉಳಿದಿದೆ. ಅವನು ನೋಡಿದ ಬುರುಜುಗಳು ಈಗಿನದಕ್ಕಿಂತ ಎತ್ತರ ಇದ್ದವು ಅನ್ನುವುದನ್ನೂ ಮರೆಯಬಾರದು. ತೋಪುಗಳ ಕಾಲ ಬಂದಾಗ ಎತ್ತರದ ಬುರುಜು ಸುಲಭದ ಗುರಿಯಾಯಿತು, ತಲೆ ಮೊಟಕುಗೊಳಿಸಿದರು.

ಇಷ್ಟೆಲ್ಲ ಆದರೂ ಲಗ್ಗೆ ಹಾಕಿ ಈ ಕೋಟೆಯನ್ನು ಹಿಡಿಯಲು ಫ್ಲಾರೆನ್ಸಿಗೆ ಆಗಲೇ ಇಲ್ಲ. 13ನೇ ಶತಮಾನದಲ್ಲಿ ಸುತ್ತುವರಿದರು, ಆಗಲಿಲ್ಲ. 1526ರಲ್ಲಿ ಮತ್ತೆ ಮುತ್ತಿಗೆ ಹಾಕಿದರು, ಆಗಲೂ ಆಗಲಿಲ್ಲ.

ಕೊನೆಗೆ ಆದದ್ದು 1554ರಲ್ಲಿ. ಅಷ್ಟೊತ್ತಿಗೆ ಆಟ ದೊಡ್ಡದಾಗಿತ್ತು. ಎರಡು ವರ್ಷ ಮುಂಚೆ ಸಿಯೆನಾದ ಜನ ದಂಗೆ ಎದ್ದು ಸ್ಪೇನಿನ ಪಡೆಯನ್ನು ಊರಾಚೆ ಓಡಿಸಿದ್ದರು. ಸಿಯೆನಾದ ಬೆನ್ನಿಗೆ ಫ್ರಾನ್ಸ್ ನಿಂತಿತ್ತು. ಎದುರಿಗೆ ಸ್ಪೇನಿನ ದೊರೆಯೂ ಆಗಿದ್ದ ಚಕ್ರವರ್ತಿ ಐದನೇ ಚಾರ್ಲ್ಸ್ ಮತ್ತು ಫ್ಲಾರೆನ್ಸಿನ ದೊರೆ ಕೊಸಿಮೋ ದೆ ಮೆದಿಚಿ. ಅವರ ಸೇನಾಪತಿ ಮರಿಞ್ಞಾನೋದ ಮಾರ್ಕ್ವಿಸ್, ಅಂದರೆ ಅಲ್ಲಿನ ಜಹಗೀರುದಾರ. ಅವನ ಹೆಸರೂ ಮೆದಿಚಿಯೇ, ಆದರೆ ಮಿಲಾನಿನ ಮೆದಿಚಿ. ಫ್ಲಾರೆನ್ಸಿನ ಮನೆತನಕ್ಕೂ ಅವನಿಗೂ ನೆಂಟಸ್ತಿಕೆ ಇಲ್ಲ. ಮೊಂತೆರಿಜ್ಜೋನಿಯ ಕಾವಲು ಪಡೆಯನ್ನು ಸಿಯೆನಾ ಒಪ್ಪಿಸಿದ್ದು ಜೊವಾನ್ನಿನೋ ಜೇತಿ ಎಂಬ ಕ್ಯಾಪ್ಟನ್‌ಗೆ. ಅವನು ಫ್ಲಾರೆನ್ಸಿನಿಂದ ಗಡಿಪಾರಾದವನು. ಮೆದಿಚಿಗಳ ಮೇಲೆ ಸಿಟ್ಟಿದ್ದವನು, ಅವರ ವಿರುದ್ಧ ಚೆನ್ನಾಗಿ ಕಾದಾಡುತ್ತಾನೆ ಅನ್ನುವ ಲೆಕ್ಕ ಇರಬೇಕು. ಆದರೆ ಗಡಿಪಾರಾದವನ ಮನಸ್ಸಿನಲ್ಲಿ ಸಿಟ್ಟಿನಷ್ಟೇ ಊರಿನ ಸೆಳೆತವೂ ಇರುತ್ತದೆ ಅಲ್ವಾ? ಜೇತಿ ಮೆದಿಚಿಗಳ ಜೊತೆ ರಾಜಿಯಾಗಿ ಕೋಟೆಯ ಬೀಗದ ಕೈಯನ್ನು ಮಾರ್ಕ್ವಿಸನ ಕೈಗೆ ಕೊಟ್ಟುಬಿಟ್ಟ. ಮುನ್ನೂರು ವರ್ಷ ಮುತ್ತಿಗೆಗಳಿಗೆ ಜಗ್ಗದ ಬಾಗಿಲು ಒಂದು ಬೀಗದ ಕೈಗೆ ತೆರೆದುಕೊಂಡಿತು.

ಇಲ್ಲಿ ಮತ್ತೆ ದಾಂತೆ ನೆನಪಾಗುತ್ತಾನೆ. ಅವನ ಕಾವ್ಯದಲ್ಲಿ ದೈತ್ಯರು ಸುತ್ತ ನಿಂತ ಆ ಗುಂಡಿ ಇದೆಯಲ್ಲ, ಅದರ ತಳದಲ್ಲಿ ಹಿಮಗಟ್ಟಿ ಬಿದ್ದಿರುವವರು ಯಾರು ಗೊತ್ತಾ? ನಂಬಿಕೆದ್ರೋಹಿಗಳು. ನರಕದ ಕಟ್ಟಕಡೆಯ ಸುತ್ತು ಅವರದ್ದು. ದ್ರೋಹಿಗಳ ಗುಂಡಿಯ ಅಂಚಿಗೆ ಈ ಕೋಟೆಯ ಹೋಲಿಕೆ ಕೊಟ್ಟು ಇನ್ನೂರು ವರ್ಷದ ಮೇಲೆ ಕೋಟೆ ದ್ರೋಹದಿಂದಲೇ ಬಿತ್ತು. ಕಾಕತಾಳೀಯ, ಬೇರೇನಲ್ಲ. ಆದರೂ ಮೈ ಜುಂ ಅನ್ನುತ್ತದೆ.

1555ರ ಏಪ್ರಿಲ್‌ನಲ್ಲಿ ಹಸಿವಿನಿಂದ ಬಳಲಿ ಸಿಯೆನಾವೂ ಶರಣಾಯಿತು. 1557ರಲ್ಲಿ ಅದು ಕೊಸಿಮೋನ ಕೈಸೇರಿತು. ಅಲ್ಲಿಗೆ ಗಡಿಯೇ ಇಲ್ಲ. ಎರಡೂ ಕಡೆ ಒಬ್ಬನೇ ದೊರೆ ಅಂದ ಮೇಲೆ ನಡುವಿನ ಕಾವಲುಗಾರನಿಗೆ ಏನು ಕೆಲಸ?

ನನ್ನ ಪ್ರಕಾರ ಮೊಂತೆರಿಜ್ಜೋನಿಯನ್ನು ಉಳಿಸಿದ್ದು ಈ ನಿರುದ್ಯೋಗವೇ. ಕೆಲಸ ಇದ್ದಿದ್ದರೆ ಹಳೆ ಗೋಡೆ ಕೆಡವಿ, ತೋಪಿನ ಕಾಲಕ್ಕೆ ತಕ್ಕ ಇಳಿಜಾರು ಗೋಡೆ, ದಪ್ಪ ಕೊತ್ತಲ ಕಟ್ಟುತ್ತಿದ್ದರು. ಟಸ್ಕನಿಯ ಎಷ್ಟೋ ಊರುಗಳಲ್ಲಿ ಹಾಗೇ ಆಗಿದೆ. ಊರು ಬೆಳೆದು ಶ್ರೀಮಂತವಾಗಿದ್ದರೂ ಗೋಡೆ ಉಳಿಯುತ್ತಿರಲಿಲ್ಲ. ಫ್ಲಾರೆನ್ಸ್ ನಗರವೇ 19ನೇ ಶತಮಾನದಲ್ಲಿ, ಇಟಲಿಯ ರಾಜಧಾನಿಯಾದ ಹುಮ್ಮಸ್ಸಿನಲ್ಲಿ, ನದಿಯ ಉತ್ತರದ ಕೋಟೆಗೋಡೆ ಒಡೆದು ಅಗಲ ರಸ್ತೆ ಮಾಡಿಕೊಂಡಿತು. ಮೊಂತೆರಿಜ್ಜೋನಿಗೆ ಬೆಳೆಯುವ ದಾರಿಯೂ ಇರಲಿಲ್ಲ, ಒಡೆಯುವ ದರ್ದೂ ಇರಲಿಲ್ಲ. ಬಡವಾ, ನೀ ಮಡಗ್ದಂಗಿರು ಅಂದ ಹಾಗೆ ಇದ್ದಲ್ಲೇ ಇತ್ತು. ಸುತ್ತ ಹೊಲ, ಆಲಿವ್ ಮರ, ದ್ರಾಕ್ಷಿ ತೋಟ.

ಮತ್ತೆ ಜೀವ ಬಂದದ್ದು ರೋಮಿಗೆ ಹೋಗುವ ಆ ಹಳೇ ದಾರಿಯಿಂದ. 990ರಲ್ಲಿ ಇಂಗ್ಲೆಂಡಿನ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸಿಗೆರಿಕ್ ರೋಮಿಗೆ ಹೋಗಿ ವಾಪಸಾಗುವಾಗ ತಂಗಿದ ಊರುಗಳ ಪಟ್ಟಿ ಉಳಿದುಕೊಂಡಿದೆ. ಅದರಲ್ಲಿ ಮೊಂತೆರಿಜ್ಜೋನಿ ಇಲ್ಲ, ಆಗಿನ್ನೂ ಕೋಟೆ ಹುಟ್ಟಿರಲಿಲ್ಲ. ಆದರೆ ಗುಡ್ಡದ ಕೆಳಗಿನ ಬುರ್ಗೆನೋವೆ ಇದೆ, ಈಗಿನ ಅಬ್ಬಾದಿಯಾ ಆ ಈಸೊಲಾ. ಈಸೊಲಾ ಅಂದರೆ ದ್ವೀಪ. ಒಂದು ಕಾಲದಲ್ಲಿ ಸುತ್ತ ಜೌಗು ನೆಲ ಇದ್ದು ನಡುವೆ ಇದೊಂದೇ ಒಣ ಜಾಗವಾಗಿತ್ತಂತೆ. 1001ರಲ್ಲಿ ಆವಾ ಎಂಬ ಸಿರಿವಂತೆ ಅಲ್ಲಿ ಮಠ ಕಟ್ಟಿಸಿದಳು. ಈ ದಾರಿಗೆ ವಿಯಾ ಫ್ರಾಂಚಿಜೆನಾ ಎಂದು ಹೆಸರು. 1994ರಲ್ಲಿ ಕೌನ್ಸಿಲ್ ಆಫ್ ಯುರೋಪ್ ಇದನ್ನು ಸಾಂಸ್ಕೃತಿಕ ಮಾರ್ಗವೆಂದು ಗುರುತಿಸಿತು. ಈಗ ಬೆನ್ನಿಗೆ ಚೀಲ ಹಾಕಿಕೊಂಡವರು ಸಾನ್ ಜಿಮಿಞ್ಞಾನೋದಿಂದ ದಿನವಿಡೀ ನಡೆದು, ಮಠ ನೋಡಿಕೊಂಡು, ಸಂಜೆಗೆ ಮೊಂತೆರಿಜ್ಜೋನಿ ಗುಡ್ಡ ಹತ್ತುತ್ತಾರೆ. ಮಾರನೆ ದಿನ ಸುಮಾರು 20 ಕಿ.ಮೀ. ನಡೆದರೆ ಸಿಯೆನಾ.

ಇನ್ನೊಂದು ಗುಂಪೂ ಬರುತ್ತದೆ, ಹುಡುಗರದ್ದೇ ಜಾಸ್ತಿ. 2009ರಲ್ಲಿ ಬಂದ ‘ಅಸ್ಯಾಸಿನ್ಸ್ ಕ್ರೀಡ್ 2’ ವಿಡಿಯೋ ಗೇಮ್‌ನಲ್ಲಿ ನಾಯಕ ಎಜಿಯೋನ ನೆಲೆ ಇದೇ ಊರು. ಗೇಮ್‌ನಲ್ಲಿ ಊರ ತಲೆಯ ಮೇಲೆ ಭರ್ಜರಿ ಬಂಗಲೆ ಇದೆ. ನಿಜವಾದ ಊರಲ್ಲಿ ಅಂಥದ್ದೇನೂ ಇಲ್ಲ. ಅದರ ಮುಂದಿನ ಭಾಗದಲ್ಲಿ ಪೋಪನ ಮಗ ಚೇಸರೆ ಬೋರ್ಜಾ ತೋಪು ತಂದು ಊರನ್ನು ಪುಡಿ ಮಾಡುತ್ತಾನೆ. ಅದೂ ಕಟ್ಟುಕಥೆಯೇ. ಬಂಗಲೆ ಹುಡುಕಿಕೊಂಡು ಬಂದವರಿಗೆ ಸ್ವಲ್ಪ ನಿರಾಸೆ ಆದೀತು.

ಹಾಗಾದರೆ ನೋಡಲು ಏನಿದೆ? ಗೋಡೆಯ ಮೇಲೆ ನಡೆಯುವ ದಾರಿ ಮುಖ್ಯ. ಪೂರ್ತಿ ಸುತ್ತು ಇಲ್ಲ, ಎರಡು ತುಣುಕು ಮಾತ್ರ, ಟಿಕೆಟ್ ಇದೆ. ಒಂದು ಕಡೆ ಕಿಯಾಂತಿ ಬೆಟ್ಟಗಳು, ಕೆಳಗೆ ವಾಹನ ಓಡುವ ಹೆದ್ದಾರಿ, ಇನ್ನೊಂದು ಕಡೆ ತಿರುಗಿದರೆ ಯಾರದೋ ಹಿತ್ತಲು. ಆಯುಧಗಳ ಚಿಕ್ಕ ಮ್ಯೂಸಿಯಂನಲ್ಲಿ ಮಕ್ಕಳಿಗೆ ಖುಷಿ, ದೊಡ್ಡವರಿಗೆ ಅಷ್ಟಕ್ಕಷ್ಟೆ. ಚೌಕದ ಸಾಂತಾ ಮರಿಯಾ ಅಸುಂತಾ ಚರ್ಚು ಕೋಟೆಯಷ್ಟೇ ಸಾದಾ: ಬರಿಗಲ್ಲಿನ ಮುಖ, ಒಂದು ಬಾಗಿಲು, ಮೇಲೊಂದು ದುಂಡು ಕಿಂಡಿ. ಚೌಕದ ಸುತ್ತ ಊಟದ ಹೋಟೆಲು, ವೈನು, ಚರ್ಮದ ಸಾಮಾನಿನ ಅಂಗಡಿ. ಮಧ್ಯಾಹ್ನ ಬಸ್ಸುಗಳು ಬಂದಾಗ ಕಾಲಿಡಲು ಜಾಗ ಇರದು, ಸಂಜೆ ಅವು ಹೊರಟ ಮೇಲೆ ನೋಡುವುದೇ ಚೆಂದ.

ಜುಲೈಯಲ್ಲಾದರೆ ಸಂಜೆಯೂ ಗಲಾಟೆಯೇ. ಆಗ ಊರಿಗೆ ಊರೇ ಮಧ್ಯಯುಗದ ವೇಷ ತೊಡುತ್ತದೆ. ಕತ್ತಿವರಸೆ, ಡೋಲು, ಪಂಜು, ಕಮ್ಮಾರರ ಸುತ್ತಿಗೆ ಸದ್ದು. ಹಬ್ಬಕ್ಕೆ ಊರಿನವರು ಇಟ್ಟುಕೊಂಡಿರುವ ಹೆಸರು ‘ಬುರುಜುಗಳ ಕಿರೀಟ ತೊಟ್ಟ ಮೊಂತೆರಿಜ್ಜೋನಿ’. ಆ ಫ್ಲಾರೆನ್ಸಿನವನ ಸಾಲೇ.