ಜಾನ್ ಹರ್ಟ್ ಕಳೆದುಹೋಗಿರಲಿಲ್ಲ, ಊರಲ್ಲೇ ಇದ್ದರು

1963ರಲ್ಲಿ ಟಾಮ್ ಹಾಸ್ಕಿನ್ಸ್ ಎಂಬ ಹುಡುಗ ಅಮೆರಿಕದ ವಾಷಿಂಗ್ಟನ್ ಕಡೆಯಿಂದ ಹೊರಟು, ಜಾನ್ ಹರ್ಟ್ ಎಂಬ ಕಪ್ಪು ಹಾಡುಗಾರರನ್ನು ಹುಡುಕಿಕೊಂಡು ಮಿಸಿಸಿಪ್ಪಿಯ ಅವಲಾನ್ ಎಂಬ ಪುಟ್ಟ ಊರಿಗೆ ಹೋದ. ಅವನ ಬಳಿ ಇದ್ದ ಸುಳಿವು ಒಂದೇ, 35 ವರ್ಷ ಹಳೆಯ ಒಂದು ಹಾಡು. ಅದರಲ್ಲಿ ಹಾಡುಗಾರರು ತಮ್ಮ ಊರು ಅವಲಾನ್ ಅಂತ ಹೇಳಿಕೊಂಡಿದ್ದರು. ಹೊಸ ನಕ್ಷೆಗಳಲ್ಲಿ ಆ ಹೆಸರೇ ಇರಲಿಲ್ಲ, ಹಳೆಯ ನಕ್ಷೆಯೊಂದರಲ್ಲಿ ಸಿಕ್ಕಿತು. ಹೋಗಿ ಕೇಳಿದರೆ ಊರವರು ಮನೆ ತೋರಿಸಿದರು. ಎಪ್ಪತ್ತರ ಆಸುಪಾಸಿನ ಜಾನ್ ಹರ್ಟ್ ಕೂಲಿ ಕೆಲಸ ಮಾಡಿಕೊಂಡು ಅಲ್ಲೇ ಇದ್ದರು. ಆಗ ಅವರ ಹತ್ತಿರ ಸ್ವಂತ ಗಿಟಾರ್ ಕೂಡ ಇರಲಿಲ್ಲ.

ಈ ಘಟನೆಯನ್ನು ಎಲ್ಲರೂ ಕಲಾವಿದನ 'ಮರುಶೋಧನೆ' ಅಂತ ಬರೆಯುತ್ತಾರೆ. ನನಗೆ ಆ ಮಾತು ಹಿಡಿಸುವುದಿಲ್ಲ. ಊರವರಿಗೆಲ್ಲ ಗೊತ್ತಿದ್ದ ಮನುಷ್ಯ ಕಳೆದುಹೋಗಿದ್ದು ಯಾರಿಗೆ? ಅದು ಗೊತ್ತಾಗಬೇಕಾದರೆ 1920ರ ದಶಕಕ್ಕೆ ಹೋಗಬೇಕು.

1920ರಲ್ಲಿ ಓಕೇ ಎಂಬ ಕಂಪನಿ ಮೇಮಿ ಸ್ಮಿತ್ ಎಂಬ ಕಪ್ಪು ಗಾಯಕಿಯ ಬ್ಲೂಸ್ (ಅಮೆರಿಕದ ಕಪ್ಪು ಜನ ಕಟ್ಟಿದ ಹಾಡಿನ ಬಗೆ) ರೆಕಾರ್ಡ್ ಬಿಟ್ಟಿತು. ಅದು ಎಷ್ಟು ಮಾರಾಟವಾಯಿತೆಂದರೆ, ಕಪ್ಪು ಜನ ಕೂಡ ದುಡ್ಡು ಕೊಟ್ಟು ರೆಕಾರ್ಡ್ ಕೊಳ್ಳುತ್ತಾರೆ ಅನ್ನುವುದು ಕಂಪನಿಗಳಿಗೆ ಆಗ ಅರ್ಥವಾಯಿತು. 1926ರಲ್ಲಿ ಪ್ಯಾರಾಮೌಂಟ್ ಕಂಪನಿ ಟೆಕ್ಸಾಸ್‌ನ ಬ್ಲೈಂಡ್ ಲೆಮನ್ ಜೆಫರ್ಸನ್ ಅವರನ್ನು ಕರೆತಂದಿತು. ಒಂದು ದನಿ, ಒಂದು ಗಿಟಾರ್, ಅಷ್ಟೇ. (ಈ ಪ್ಯಾರಾಮೌಂಟ್‌ನ ಒಡೆಯರು ವಿಸ್ಕಾನ್ಸಿನ್‌ನ ಒಂದು ಕುರ್ಚಿ ಕಾರ್ಖಾನೆಯವರು. ಅವರು ಗ್ರಾಮಫೋನ್ ಪೆಟ್ಟಿಗೆಗಳನ್ನೂ ಮಾಡುತ್ತಿದ್ದರು, ಪೆಟ್ಟಿಗೆ ಮಾರಾಟವಾಗಲಿ ಅಂತ ಪ್ಲೇಟುಗಳನ್ನೂ ಮಾಡಿದರು.) ಅಲ್ಲಿಂದ ಮುಂದೆ ಕಂಪನಿಗಳು ದಕ್ಷಿಣದ ಊರುಗಳಲ್ಲಿ ಗಿಟಾರ್ ನುಡಿಸುವವರನ್ನು ಹುಡುಕತೊಡಗಿದವು.

ಆದರೆ ಅವರು ಸಂಗೀತವನ್ನು ಚರ್ಮದ ಬಣ್ಣ ನೋಡಿ ಬೇರೆ ಮಾಡಿದರು. ಕಪ್ಪು ಕಲಾವಿದರದ್ದು 'ರೇಸ್ ರೆಕಾರ್ಡ್ಸ್', ಹಳ್ಳಿಯ ಬಿಳಿಯರದ್ದು 'ಹಿಲ್‌ಬಿಲಿ'. ಊರಿನ ಕುಣಿತಗಳಲ್ಲಿ ಹಾಗೆ ಇರಲಿಲ್ಲ. ವಿಲಿ ನಾರ್ಮರ್ ಎಂಬ ಬಿಳಿಯ ಪಿಟೀಲುಗಾರರ ಜೊತೆಗಾರ ಬರದಿದ್ದಾಗ, ಆ ಜಾಗದಲ್ಲಿ ಕೂತು ಗಿಟಾರ್ ನುಡಿಸುತ್ತಿದ್ದವರು ಇದೇ ಜಾನ್ ಹರ್ಟ್. ಓಕೇ ಕಂಪನಿಗೆ ಹರ್ಟ್ ಹೆಸರು ಹೇಳಿದವರೂ ನಾರ್ಮರ್. 1928ರ ಫೆಬ್ರವರಿಯಲ್ಲಿ ಮೆಂಫಿಸ್‌ನಲ್ಲಿ ಹರ್ಟ್ ಎಂಟು ಹಾಡು ಹಾಡಿದರು. ಹೊರಬಂದಿದ್ದು ಎರಡೇ. ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ಗೆ ಹೋಗಿ ಇನ್ನಷ್ಟು ಹಾಡಿದರು, ಅವಲಾನ್ ಹಾಡು ಆಗಿನದ್ದು. ಮರುವರ್ಷವೇ ಅಮೆರಿಕದ ಶೇರುಪೇಟೆ ಕುಸಿಯಿತು, ರೆಕಾರ್ಡ್ ಕೊಳ್ಳುವವರು ಇಲ್ಲವಾದರು. ಹರ್ಟ್ ಊರಿಗೆ ಬಂದು ಗೇಣಿ ಬೇಸಾಯಕ್ಕೆ ಇಳಿದರು, ಅಕ್ಕಪಕ್ಕದ ಕುಣಿತಗಳಲ್ಲಿ ನುಡಿಸುತ್ತ ಇದ್ದರು.

ಅವರ ಗಿಟಾರ್ ಬಗ್ಗೆ ಇಲ್ಲಿ ಸ್ವಲ್ಪ ನಿಂತು ಹೇಳಲೇಬೇಕು. ಮೊದಲ ಸಲ ಕೇಳಿದವರಿಗೆ ಇಬ್ಬರು ನುಡಿಸುತ್ತಿದ್ದಾರೆ ಅನಿಸುತ್ತದೆ. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಒಂದಾದ ಮೇಲೆ ಒಂದು ಮಿಡಿಯುತ್ತ ಹೋಗುತ್ತದೆ, ಗಡಿಯಾರದ ಹಾಗೆ, ಎಲ್ಲೂ ತಪ್ಪುವುದಿಲ್ಲ. ತೋರುಬೆರಳು, ನಡುಬೆರಳು ಸಣ್ಣ ತಂತಿಗಳ ಮೇಲೆ ಹಾಡಿನ ಧಾಟಿಯನ್ನು ಎತ್ತುತ್ತವೆ, ಅದೂ ಎಷ್ಟೋ ಸಲ ಹೆಬ್ಬೆರಳಿನ ಪೆಟ್ಟಿನ ಮೇಲೆ ಅಲ್ಲ, ಎರಡು ಪೆಟ್ಟುಗಳ ನಡುವಿನ ಸಂದಿಯಲ್ಲಿ. ಆಗಿನ ರ‍್ಯಾಗ್‌ಟೈಮ್ ಎಂಬ ಸಂಗೀತದಲ್ಲಿ ಪಿಯಾನೋ ಮೇಲೆ ಎಡಗೈ ಮಾಡುತ್ತಿದ್ದ ತಾಳದ ಕೆಲಸವನ್ನು ಇಲ್ಲಿ ಹೆಬ್ಬೆರಳು ಮಾಡುತ್ತದೆ. ಪಿಯಾನೋ ಕೊಳ್ಳುವ ಶಕ್ತಿ ಇಲ್ಲದ ಮನೆಗಳಿಗೆ ಅಗ್ಗದ ಗಿಟಾರ್ ಅಂಚೆಯಲ್ಲಿ ಬರುತ್ತಿತ್ತು, ಕ್ಯಾಟಲಾಗ್ ನೋಡಿ ತರಿಸಿಕೊಂಡರೆ ಆಯಿತು. ಹರ್ಟ್‌ಗೆ ಗುರು ಅಂತ ಯಾರೂ ಇರಲಿಲ್ಲ, ತಾವೇ ಕಲಿತರು. ಅಬ್ಬರ ಇಲ್ಲ, ದನಿ ಏರಿಸುವುದಿಲ್ಲ. ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ ಹಾಡುತ್ತಾರೆ.

ಹಳೆಯ ಪ್ಲೇಟುಗಳು ಕಣ್ಮರೆಯಾಗಿದ್ದಕ್ಕೆ ಇನ್ನೊಂದು ಕಾರಣ ಇದೆ, ಅದು ನಮ್ಮ ಕಡೆಗೆ ಬರುತ್ತದೆ. ಆ 78 ಆರ್‌ಪಿಎಂ ಪ್ಲೇಟುಗಳಿಗೆ ಬೇಕಾಗುತ್ತಿದ್ದುದು ಅರಗು. ನಮ್ಮ ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪು ಕೊಡುತ್ತದಲ್ವಾ, ಅದೇ ಅರಗು. ಅದು ಹೆಚ್ಚಾಗಿ ಭಾರತದಿಂದಲೇ ಹೋಗಬೇಕಿತ್ತು. ಎರಡನೇ ಮಹಾಯುದ್ಧದಲ್ಲಿ ಹಡಗಿನ ದಾರಿ ಕಷ್ಟವಾದಾಗ, 1942ರಲ್ಲಿ ಅಮೆರಿಕದ ಸರ್ಕಾರ ರೆಕಾರ್ಡ್ ಕಂಪನಿಗಳಿಗೆ ಅರಗನ್ನು ಶೇಕಡಾ 70ರಷ್ಟು ಕಡಿತ ಮಾಡಿತು. ಹಳೆಯ ಪ್ಲೇಟುಗಳನ್ನು ಜನರಿಂದ ವಾಪಸ್ ಪಡೆದು ಪುಡಿ ಮಾಡಿ ಹೊಸದು ಒತ್ತಿದರು. ಎಷ್ಟು ಜನರ ಹಾಡು ಹಾಗೆ ಪುಡಿಯಾಯಿತೋ ಅಂತ ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಉಳಿದವನ್ನು ಹುಡುಕಿ ಇಟ್ಟುಕೊಂಡವರಲ್ಲಿ ಹ್ಯಾರಿ ಸ್ಮಿತ್ ಒಬ್ಬರು. 1952ರಲ್ಲಿ ಅವರು ತಮ್ಮ ಸಂಗ್ರಹದಿಂದ 84 ಹಾಡು ಆರಿಸಿ, ಒಂದೊಂದರಲ್ಲೂ ಹೆಚ್ಚು ಹಾಡು ಹಿಡಿಸುವ ಆರು ಎಲ್‌ಪಿಗಳಲ್ಲಿ ತಂದರು, ಫೋಕ್‌ವೇಸ್ ಕಂಪನಿಯಿಂದ. ಅದರಲ್ಲಿ ಹರ್ಟ್ ಅವರ ಎರಡು ಹಾಡುಗಳಿದ್ದವು. ಯಾರು ಕಪ್ಪು, ಯಾರು ಬಿಳಿ ಅಂತ ಸ್ಮಿತ್ ಎಲ್ಲೂ ಬರೆಯಲಿಲ್ಲ, ಬೇಕೆಂದೇ ಬರೆಯಲಿಲ್ಲ. ಹರ್ಟ್ ಬಿಳಿಯರಲ್ಲ ಅನ್ನುವುದು ತುಂಬಾ ಜನಕ್ಕೆ ವರ್ಷಗಟ್ಟಲೆ ಗೊತ್ತಾಗಲೇ ಇಲ್ಲ. ಕಂಪನಿಗಳು ಎಳೆದ ಗೆರೆ ಎಷ್ಟು ಸುಳ್ಳು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಆ ಎಲ್‌ಪಿಗಳನ್ನು ಕೇಳಿ ಬೆಳೆದ ಹುಡುಗರೇ ಮುಂದೆ ದಕ್ಷಿಣಕ್ಕೆ ಹೊರಟವರು. 1963ರ ಜುಲೈನಲ್ಲಿ ಹರ್ಟ್ ನ್ಯೂಪೋರ್ಟ್ ಫೋಕ್ ಫೆಸ್ಟಿವಲ್‌ನ ವೇದಿಕೆಯಲ್ಲಿದ್ದರು. ಮರುವರ್ಷ ಇನ್ನೊಬ್ಬ ಹಳೆಯ ಬ್ಲೂಸ್ ಹಾಡುಗಾರ ಸ್ಕಿಪ್ ಜೇಮ್ಸ್ ಮಿಸಿಸಿಪ್ಪಿಯ ಟುನಿಕಾದ ಆಸ್ಪತ್ರೆಯಲ್ಲಿ ಸಿಕ್ಕರು. ನಮ್ಮ ಗೋಟುವಾದ್ಯದ ಹಾಗೆ ತಂತಿಯ ಮೇಲೆ ಜಾರಿಸಿ ನುಡಿಸುತ್ತಿದ್ದ ಸನ್ ಹೌಸ್ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿದ್ದರು.

ಹಾಡುಗಾರ್ತಿ, ಗಿಟಾರ್ ವಾದಕಿ ಎಲಿಜಬೆತ್ ಕಾಟನ್ ಅವರನ್ನಂತೂ ಯಾರೂ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಸಂಗೀತಗಾರರಾದ ಸೀಗರ್ ಕುಟುಂಬದ ಮನೆಯಲ್ಲೇ ಅವರು ಕೆಲಸಕ್ಕಿದ್ದರು. ಎಡಗೈಯವರು, ಗಿಟಾರ್ ತಿರುಗಿಸಿ ಹಿಡಿದು ನುಡಿಸುತ್ತಿದ್ದರು. ಹಾಗಾಗಿ ದಪ್ಪ ತಂತಿಗೆ ಬೆರಳು, ಧಾಟಿಗೆ ಹೆಬ್ಬೆರಳು, ಎಲ್ಲ ಉಲ್ಟಾ. ಚಿಕ್ಕಂದಿನಲ್ಲಿ ಅವರು ಕಟ್ಟಿದ ರೈಲಿನ ಹಾಡು 1950ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಬೇರೆಯವರ ಹೆಸರಿನಲ್ಲಿ ಹೊರಬಂದು ಭಾರೀ ಹಿಟ್ ಆಯಿತು. ಗ್ರ್ಯಾಮಿ ಪ್ರಶಸ್ತಿ ಸಿಕ್ಕಾಗ ಕಾಟನ್ ಅಜ್ಜಿಗೆ ತೊಂಬತ್ತರ ಆಸುಪಾಸು.

ಹರ್ಟ್‌ಗೆ ಅಷ್ಟು ಕಾಲ ಸಿಗಲಿಲ್ಲ. ಒಂದಷ್ಟು ದಿನ ವಾಷಿಂಗ್ಟನ್‌ನಲ್ಲಿದ್ದು ಮಿಸಿಸಿಪ್ಪಿಗೇ ವಾಪಸಾದರು, 1966ರ ನವೆಂಬರ್ 2ರಂದು ಗ್ರೆನಡಾ ಎಂಬಲ್ಲಿ ತೀರಿಕೊಂಡರು. ಬಿಡುವಿದ್ದಾಗ ಅವರ 1928ರ ಹಾಡೊಂದನ್ನೂ 1963ರ ನಂತರ ಅದೇ ಹಾಡನ್ನು ಹಾಡಿದ್ದನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ. ದನಿಗೆ ವಯಸ್ಸಾಗಿದೆ. ಹೆಬ್ಬೆರಳಿಗೆ ಆಗಿಲ್ಲ.